ರ‍್ಯಾಂಡಮ್ ಆಗಿ ನೆಟ್ಟರೆ ಗಿಡಗಳು ಗುಂಪಾಗುವುದೇಕೆ?

ಪ್ರಶ್ನೆ: ನಾನು ಮಾಡುತ್ತಿರುವ ಗೇಮ್‌ನಲ್ಲಿ ಬಯಲಿನ ತುಂಬ ಗಿಡ ಬೇಕು. ಎಕ್ಸ್, ವೈ ಎರಡನ್ನೂ ರ‍್ಯಾಂಡಮ್ ಆಗಿ ತೆಗೆದುಕೊಂಡರೆ ಕೆಲವು ಕಡೆ ಒಂದರ ಮೇಲೊಂದು ಬೀಳುತ್ತವೆ, ಕೆಲವು ಕಡೆ ಪೂರ್ತಿ ಖಾಲಿ. ಗ್ರಿಡ್ ಹಾಕಿ ಒಂದೊಂದನ್ನೂ ಸ್ವಲ್ಪ ಸರಿಸಿದರೆ ಸಾಲು ಎದ್ದು ಕಾಣುತ್ತದೆ. ರ‍್ಯಾಂಡಮ್ ಫಂಕ್ಷನ್ನೇ ಸರಿ ಇಲ್ವಾ?

ಉತ್ತರ: ಫಂಕ್ಷನ್ ಸರಿಯಾಗೇ ಇದೆ. ಪ್ರತಿ ಬಿಂದುವೂ ಉಳಿದವು ಎಲ್ಲಿವೆ ಅಂತ ನೋಡದೆ ಬೀಳುತ್ತದೆ ಅಲ್ವಾ, ಹಾಗಾಗಿ ಗುಂಪೂ ಆಗುತ್ತದೆ, ಖಾಲಿ ಜಾಗವೂ ಉಳಿಯುತ್ತದೆ. ನೀವು ಒಂದು ನಿಯಮ ಸೇರಿಸಬೇಕು: ಯಾವ ಎರಡು ಗಿಡಗಳ ನಡುವೆಯೂ ಕನಿಷ್ಠ ಇಷ್ಟು ದೂರ ಇರಲೇಬೇಕು. ಇದಕ್ಕೆ ಪಾಯ್ಸನ್ ಡಿಸ್ಕ್ ಸ್ಯಾಂಪ್ಲಿಂಗ್ ಅಂತಾರೆ.

ಸುಮ್ನೆ ಬಿಂದು ಎಸೆಯುತ್ತಾ, ತೀರಾ ಹತ್ತಿರ ಬಿದ್ದದ್ದನ್ನು ಬಿಡುತ್ತಾ ಹೋಗಬಹುದು. ಆದರೆ ಬಯಲು ತುಂಬಿದಷ್ಟೂ ಎಸೆದದ್ದೆಲ್ಲ ವ್ಯರ್ಥ, ಯಾವಾಗ ನಿಲ್ಲಿಸಬೇಕು ಅನ್ನುವುದೂ ತಿಳಿಯುವುದಿಲ್ಲ. ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ರಾಬರ್ಟ್ ಬ್ರಿಡ್ಸನ್ 2007ರಲ್ಲಿ ಕೊಟ್ಟ ವಿಧಾನ ಹಿಡಿಯಿರಿ, ತುಂಬಾ ಸೊಗಸಾಗಿದೆ. ಮೊದಲ ಬಿಂದು ಎಲ್ಲಾದರೂ ಇಟ್ಟು ಅದನ್ನು ಒಂದು ಲಿಸ್ಟ್‌ಗೆ ಹಾಕಿ. ಲಿಸ್ಟ್‌ನಿಂದ ಯಾವುದೋ ಒಂದನ್ನು ಆರಿಸಿ, ಅದರ ಸುತ್ತ ಕನಿಷ್ಠ ದೂರದಿಂದ ಆ ದೂರದ ಎರಡರಷ್ಟರವರೆಗಿನ ಬಳೆಯಾಕಾರದ ಜಾಗದಲ್ಲಿ ಹೊಸ ಬಿಂದುವಿಗೆ ಜಾಗ ಹುಡುಕಿ. ಸಿಕ್ಕರೆ ಅದೂ ಲಿಸ್ಟ್‌ಗೆ. 30 ಸಲ ನೋಡಿದರೂ ಸಿಗದಿದ್ದರೆ ಆರಿಸಿದ ಬಿಂದುವನ್ನು ಲಿಸ್ಟ್‌ನಿಂದ ತೆಗೆಯಿರಿ. ಲಿಸ್ಟ್ ಖಾಲಿಯಾದರೆ ಕೆಲಸ ಮುಗಿಯಿತು.

ಇದರ ವೇಗವೆಲ್ಲ ಹಿಂದಿರುವ ಗ್ರಿಡ್‌ನಲ್ಲಿದೆ, ಅಂದರೆ ಹತ್ತಿರದ ಬಿಂದುಗಳನ್ನು ಬೇಗ ಹುಡುಕಲು ಬಯಲನ್ನು ಚಿಕ್ಕ ಚೌಕಗಳಾಗಿ ಹಂಚಿಕೊಳ್ಳುವುದರಲ್ಲಿ. ನಿಮ್ಮ ಬಯಲು 800 × 800, ಕನಿಷ್ಠ ದೂರ 20 ಅಂದುಕೊಳ್ಳಿ. 20ನ್ನು 2ರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 14.14, ಅದೇ ಒಂದು ಚೌಕದ ಅಳತೆ. ಆ ಚೌಕದ ಕರ್ಣ 20 ಬರುವುದರಿಂದ ಒಂದು ಚೌಕದಲ್ಲಿ ಎರಡು ಗಿಡ ಹಿಡಿಸುವುದೇ ಇಲ್ಲ. ಹಾಗಾಗಿ 57 × 57ರ ಒಂದು ಅರೇ (ಸಾಲು ಸಾಲಾಗಿ ಜೋಡಿಸಿದ ಮನೆಗಳ ಪಟ್ಟಿ) ಸಾಕು, ಚೌಕಕ್ಕೊಂದು ಬಿಂದುವಿನ ನಂಬರ್, ಖಾಲಿ ಇದ್ದರೆ -1. ಹೊಸ ಬಿಂದು ಬಂದಾಗ ಅದರ ಚೌಕ ಮತ್ತು ಸುತ್ತ ಎರಡೆರಡು ಚೌಕ, ಅಂದರೆ ಜಾಸ್ತಿ ಅಂದರೆ 25 ಚೌಕ ನೋಡಿದರಾಯಿತು. ಗಿಡ ಸಾವಿರವಿದ್ದರೂ ಲಕ್ಷವಿದ್ದರೂ ಅಷ್ಟೇ ನೋಡುವುದು! ಸುತ್ತ ಒಂದೇ ಚೌಕ ನೋಡಿ ಬಿಡಬೇಡಿ, 14.14 ಅನ್ನುವುದು 20ಕ್ಕಿಂತ ಕಮ್ಮಿ, ಅಲ್ಲೊಂದು ಇಲ್ಲೊಂದು ಜೋಡಿ 20ಕ್ಕಿಂತ ಹತ್ತಿರವೇ ಉಳಿಯುತ್ತದೆ.

ಈ ವಿಧಾನದಲ್ಲಿ ಎಷ್ಟು ಗಿಡ ಬರುತ್ತವೆ ಅಂತ ಮೊದಲೇ ಹೇಳಲಾಗದು. ಸರಿಯಾಗಿ 200 ಗಿಡವೇ ಬೇಕು ಅನ್ನುವುದಾದರೆ ಪ್ರತಿ ಸಲ ಹಲವು ಬಿಂದು ಎಸೆದು, ಇರುವ ಗಿಡಗಳಿಂದ ಅತಿ ದೂರ ಬಿದ್ದ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಗಿಡ ಹೆಚ್ಚಿದಂತೆ ಎಸೆಯುವ ಬಿಂದುಗಳನ್ನೂ ಹೆಚ್ಚಿಸಬೇಕು. ಇದು ನಿಧಾನ, ಆದರೆ 200ಕ್ಕೆ ಏನೂ ತೊಂದರೆಯಿಲ್ಲ.