ಹುಬ್ಬಳ್ಳಿಯಲ್ಲೇ ಇದ್ದು ಈ ಕೆಲಸ ಮಾಡಬಹುದಾ?
ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ್ದೀರಿ, ಜನರನ್ನು ಆಡಳಿತದಲ್ಲಿ ತೊಡಗಿಸುವ ಕೆಲಸ ಬೇಕು, ಅದಕ್ಕೆ ಹುಬ್ಬಳ್ಳಿ ಬಿಟ್ಟು ಬೆಂಗಳೂರಿಗೆ ಹೋಗಲೇಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ಕಲಿಯೋಕೆ ಇಲ್ಲೇ ಜಾಸ್ತಿ ಇದೆ. ಗ್ರಾಮ ಪಂಚಾಯಿತಿಗಳ ಸಾಮಾಜಿಕ ಪರಿಶೋಧನೆ ನೋಡಿ, ಅಂದರೆ ಕಡತದಲ್ಲಿರುವ ಕೆಲಸ ನಿಜಕ್ಕೂ ಆಗಿದೆಯಾ ಅಂತ ಊರಿನವರ ಮುಂದೆಯೇ ಪರಿಶೀಲಿಸೋದು. ಕಡತದಲ್ಲಿ ಬದು ಹಾಕಿದೆ ಅಂತಿರುತ್ತೆ. ನೀವು ಟೇಪ್ ಹಿಡಿದು ಹೊಲಕ್ಕೆ ಹೋಗಿ ಅಳೆದು, ಸಿಕ್ಕಿದ್ದನ್ನು ಗ್ರಾಮಸಭೆಯಲ್ಲಿ ಎಲ್ಲರೆದುರು ಓದಬೇಕು, ಆಗ ಏಳುವ ಗದ್ದಲವೇ ನಿಜವಾದ ಪಾಠ. ಈ ಕ್ಷೇತ್ರದಲ್ಲಿ ಕಾಯಂ ಅಲ್ಲದ ಗುತ್ತಿಗೆ ನೌಕರಿಯೇ ಹೆಚ್ಚು, ಮನೆಯಲ್ಲಿ ಮೊದಲೇ ಹೇಳಿಬಿಡಿ. ಇನ್ನೂ ಓದಬೇಕೆಂದರೆ ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಇದೆ. ಈಗ ಸುಮ್ನೆ ಕೂರೋ ಬದಲು 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4(1)(ಬಿ) ಓದಿ. ಯಾರೂ ಅರ್ಜಿ ಹಾಕದಿದ್ದರೂ ಕಚೇರಿಗಳು ತಾವಾಗೇ ಪ್ರಕಟಿಸಬೇಕಾದ ಮಾಹಿತಿಯ ಪಟ್ಟಿ ಅಲ್ಲಿದೆ. ಆಮೇಲೆ ನಿಮ್ಮ ವಾರ್ಡಿನ ರಸ್ತೆ ಕಾಮಗಾರಿಯ ಮಾಹಿತಿ ಕೇಳಿ ಅರ್ಜಿ ಹಾಕುವುದರಿಂದಲೇ ಶುರು ಮಾಡಿ, 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ.