ತಟ್ಟೆ ಎದುರಿಗಿರುವಾಗಲೇ ಹೇಳಿ

ಸಣ್ಣ ಹೋಟೆಲ್ ಊಟ ಮತ್ತು ಪ್ಯಾಕೇಜ್ ಟೂರ್ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳು ಇಲ್ಲಿವೆ. ಉತ್ತರ ಕೊಟ್ಟವರು ಮೊದಲು ಹೋಟೆಲ್ ಅಡುಗೆಮನೆಯಲ್ಲಿ, ಆಮೇಲೆ ಟೂರ್ ಮ್ಯಾನೇಜರ್ ಆಗಿ ವರ್ಷಗಟ್ಟಲೆ ದುಡಿದವರು.

ಪ್ರಶ್ನೆ: ಗೊತ್ತಿಲ್ಲದ ಊರಿನಲ್ಲಿ ಸಣ್ಣ ಹೋಟೆಲ್‌ಗೆ ಹೋಗಲು ಭಯ. ಮೊಬೈಲ್‌ನಲ್ಲಿ ಸ್ಟಾರ್ ನೋಡಿಯೇ ಹೋಗುತ್ತೇನೆ. ಆದರೂ ಎರಡು ಸಲ ಹೊಟ್ಟೆ ಕೆಟ್ಟಿತು. ಒಳಗೆ ಕಾಲಿಟ್ಟ ಮೇಲೆ ಏನನ್ನು ಗಮನಿಸಬೇಕು?

ಸ್ಟಾರ್ ನೋಡುವುದು ತಪ್ಪಲ್ಲ. ಆದರೆ ಸ್ಟಾರ್ ಕೊಟ್ಟವರು ಊಟ ಮಾಡಿದ್ದು ಬೇರೆ ಯಾವತ್ತೋ. ನಿಮ್ಮ ತಟ್ಟೆಗೆ ಬರುವುದು ಇವತ್ತಿನ ಅಡುಗೆ. ಅದಕ್ಕೇ ಕೂರುವ ಮುಂಚೆ ಒಂದು ನಿಮಿಷ ಸುಮ್ನೆ ನಿಂತು ನೋಡಿ.

ನಾನು ಮೊದಲು ನೋಡುವುದು ಕೈಗಳನ್ನು. ದುಡ್ಡು ಎಣಿಸಿದ ಕೈಯೇ ಊಟ ಬಡಿಸುತ್ತಿದೆಯಾ? ಮೇಜು ಒರೆಸಿದ ಬಟ್ಟೆಯಲ್ಲೇ ತಟ್ಟೆಯನ್ನೂ ಒರೆಸುತ್ತಿದ್ದಾರಾ? ಆ ಬಟ್ಟೆ ಹೇಗಿದೆ ನೋಡಿ. ದಿನವಿಡೀ ಒದ್ದೆಯಾಗಿಯೇ ಇರುವ, ಹಿಂಡಿದರೆ ಕಂದು ನೀರು ಇಳಿಯುವ ಬಟ್ಟೆ ಕಂಡರೆ ನಾನು ಅಲ್ಲಿಂದ ಹೊರಟುಬಿಡುತ್ತೇನೆ. ಅಡುಗೆಮನೆಯಲ್ಲಿ ಕೆಲಸ ಮಾಡಿದವರಿಗೆ ಅದು ಚೆನ್ನಾಗಿ ಗೊತ್ತು: ಎದುರಿಗೆ ಕಾಣುವ ಬಟ್ಟೆಯೇ ಹೀಗಿದ್ದರೆ ಒಳಗೆ ಕಾಣದ ಬಟ್ಟೆ ಇನ್ನೂ ಕೆಟ್ಟದಾಗಿರುತ್ತದೆ.

ಎರಡನೆಯದು ಹಬೆ. ರೋಗಾಣುಗಳು ಬೇಗ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲಿರಬೇಕು, ತಣ್ಣಗೆ ತಿನ್ನುವುದು 5 ಡಿಗ್ರಿಗಿಂತ ಕೆಳಗಿರಬೇಕು. ನಡುವಿನ ಉಗುರು ಬೆಚ್ಚಗಿನದ್ದೇ ಅಪಾಯ. ಬೇಯಿಸಿದ್ದನ್ನು ಹೊರಗೆ 2 ಗಂಟೆಗಿಂತ ಜಾಸ್ತಿ ಬಿಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು ತಿಳಿಯಲು ಥರ್ಮಾಮೀಟರ್ ಬೇಕಾಗಿಲ್ಲ. ಸೌಟು ಎತ್ತಿದಾಗ ಹಬೆ ಏಳುತ್ತಿದೆಯಾ ನೋಡಿ. ಮೇಲೆ ಪದರ ಕಟ್ಟಿ, ಪಾತ್ರೆಯ ಅಂಚಿನಲ್ಲಿ ಒಣಗಿ ಅಂಟಿಕೊಂಡಿದ್ದರೆ ಅದು ಬಹಳ ಹೊತ್ತಿನಿಂದ ಅಲ್ಲೇ ಇದೆ. ದೊಡ್ಡ ಹೋಟೆಲ್‌ನ ಬಫೆಗೂ ಇದೇ ಮಾತು. ಥಳಥಳ ಹೊಳೆಯುವ ಪಾತ್ರೆಯ ಕೆಳಗೆ ದೀಪ ಆರಿಹೋಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಅನ್ನದ ವಿಷಯದಲ್ಲಿ ಮಾತ್ರ ಇನ್ನಷ್ಟು ಎಚ್ಚರ ಬೇಕು. ‘ಬ್ಯಾಸಿಲಸ್ ಸೀರಿಯಸ್’ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿ ಕುದ್ದು ಬೆಂದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಹೊರಗೇ ಇದ್ದರೆ ಅವು ಚಿಗುರಿ ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ‘ಬಿಸಿ ಮಾಡಿಯೇ ಕೊಟ್ಟಿದ್ದೇವೆ’ ಎನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಮೆನು ಚಿಕ್ಕದಾಗಿದ್ದು ಜನ ಜಾಸ್ತಿ ಇದ್ದರೆ ಒಳ್ಳೆಯ ಲಕ್ಷಣ. ಮಾಡಿದ್ದು ಕೂಡಲೇ ಖಾಲಿಯಾಗುತ್ತಿರುತ್ತದೆ. ನೂರು ತಿಂಡಿಯ ಮೆನು, ನಾಲ್ಕೇ ಗಿರಾಕಿ ಎಂದಾಗ ಉಳಿದದ್ದೆಲ್ಲ ಫ್ರಿಜ್‌ನಲ್ಲಿ ಕಾಯುತ್ತಿದೆ ಎಂದೇ ತಿಳಿಯಬೇಕು. ಇನ್ನು ಐಸ್. ನೀರು ಗಡ್ಡೆ ಕಟ್ಟಿದ ಮಾತ್ರಕ್ಕೆ ರೋಗಾಣು ಸಾಯುವುದಿಲ್ಲ. ಬಾಟಲಿ ನೀರು ಕೊಂಡು ಅದಕ್ಕೆ ನಲ್ಲಿ ನೀರಿನ ಐಸ್ ಹಾಕಿಸಿಕೊಂಡರೆ ಏನು ಪ್ರಯೋಜನ, ಅಲ್ವಾ?

ಪ್ರಶ್ನೆ: ಮಧ್ಯಾಹ್ನ ಒಂದು ಕಡೆ ಉಂಡೆ, ಸಂಜೆ ವಾಂತಿ ಶುರುವಾಯಿತು. ಹೋಟೆಲ್‌ನವರು ‘ಬೇರೆ ಯಾರಿಗೂ ಏನೂ ಆಗಿಲ್ಲ’ ಎಂದು ಕೈತೊಳೆದುಕೊಂಡರು. ದೂರು ಕೊಡುವುದು ಹೇಗೆ?

ಮೊದಲು ದೇಹ ನೋಡಿಕೊಳ್ಳಿ, ದೂರು ಆಮೇಲೆ. ಓಆರ್‌ಎಸ್ ಪೊಟ್ಟಣ ಇದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಜಾಸ್ತಿ ಆಗಲೇಬಾರದು. ಗುಟುಕು ಗುಟುಕಾಗಿ ಕುಡಿಯಿರಿ. ರಕ್ತ ಬಿದ್ದರೆ, ಜ್ವರ ಏರಿದರೆ, ಮೂತ್ರ ಕಡಿಮೆಯಾದರೆ ಕಾಯಬೇಡಿ, ವೈದ್ಯರ ಹತ್ತಿರ ಹೋಗಿ.

ಇನ್ನು ದೂರು. ಕೊನೆಗೆ ತಿಂದದ್ದೇ ತಪ್ಪು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಯಾವಾಗಲೂ ಹಾಗಿರುವುದಿಲ್ಲ. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿಷವಾದರೆ ಅರ್ಧ ಗಂಟೆಯಿಂದ 8 ಗಂಟೆಯೊಳಗೆ ವಾಂತಿ. ನೊರೊವೈರಸ್ ಆದರೆ 12ರಿಂದ 48 ಗಂಟೆ ಬೇಕು. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ 6 ಗಂಟೆಯಿಂದ 6 ದಿನದವರೆಗೂ ಕಾಯಬಲ್ಲದು. ಆದ್ದರಿಂದ ಹಿಂದಿನ ಮೂರು ದಿನ ಎಲ್ಲೆಲ್ಲಿ ಏನೇನು ತಿಂದಿರಿ, ಎಷ್ಟು ಹೊತ್ತಿಗೆ ಎಂದು ನೆನಪಿರುವಾಗಲೇ ಬರೆದಿಡಿ. ಬಿಲ್ ಇಟ್ಟುಕೊಳ್ಳಿ. ನಿಮ್ಮ ಜೊತೆ ಅದನ್ನೇ ತಿಂದವರು ಯಾರು, ಅವರಿಗೇನಾಯಿತು ಎಂದು ವಿಚಾರಿಸಿ. ವೈದ್ಯರು ಮಲಪರೀಕ್ಷೆ ಬರೆದುಕೊಟ್ಟರೆ ತಪ್ಪದೆ ಮಾಡಿಸಿ. ಆ ಊರಿನ ಆಹಾರ ಸುರಕ್ಷತೆಯ ಅಧಿಕಾರಿಗೆ ಇಷ್ಟು ಕಾಗದ ಕೊಟ್ಟರೆ ಅವರಿಗೆ ಹುಡುಕಲು ಒಂದು ದಾರಿ ಸಿಗುತ್ತದೆ. ಸುಮ್ನೆ ‘ಅಲ್ಲಿ ತಿಂದೆ, ಹೊಟ್ಟೆ ಕೆಟ್ಟಿತು’ ಎಂದರೆ ಸಿಗುವುದಿಲ್ಲ.

ಊಟ ಮಾಡುವಾಗಲೇ ವಾಸನೆ ಬಂದರೆ, ಒಳಗೆ ಹಸಿಯಾಗಿ ಉಳಿದಿದ್ದರೆ ಎರಡನೇ ತುತ್ತಿಗೇ ನಿಲ್ಲಿಸಿ ಕರೆಯಿರಿ. ತಟ್ಟೆ ಖಾಲಿ ಮಾಡಿ ಕೈತೊಳೆದ ಮೇಲೆ ಹೇಳಿದ ಮಾತನ್ನು ಯಾವ ಮಾಲೀಕರೂ ನಂಬುವುದಿಲ್ಲ. ಅಡುಗೆಮನೆಯಲ್ಲಿದ್ದಾಗ ನಾನೂ ನಂಬುತ್ತಿರಲಿಲ್ಲ. ಅರ್ಧ ಉಳಿದ ತಟ್ಟೆ ವಾಪಸು ಬಂದರೆ ಮಾತ್ರ ಮೂಸಿ ನೋಡುತ್ತಿದ್ದೆವು. ಆ ಪಾತ್ರೆಯನ್ನೇ ಪಕ್ಕಕ್ಕಿಟ್ಟು ಉಳಿದ ಗಿರಾಕಿಗಳನ್ನು ಉಳಿಸಿಕೊಂಡದ್ದೂ ಉಂಟು.

ಪ್ರಶ್ನೆ: ಟೂರ್‌ನ ಜಾಹೀರಾತಿನಲ್ಲಿ ಕಂಡದ್ದೇ ಬೇರೆ, ಅಲ್ಲಿ ಸಿಕ್ಕಿದ್ದೇ ಬೇರೆ. ವಾಪಸು ಬಂದು ಜಗಳ ಮಾಡಿದರೆ ‘ಎಲ್ಲ ಕಾಗದದಲ್ಲೇ ಇತ್ತಲ್ಲ’ ಎನ್ನುತ್ತಾರೆ. ಏನಿತ್ತು ಅದರಲ್ಲಿ?

ನಿಜವಾಗಿಯೂ ಇತ್ತು. ಆ ಕಾಗದಕ್ಕೆ ಅದರದೇ ಭಾಷೆ ಇದೆ. ನಾನೇ ವರ್ಷಗಟ್ಟಲೆ ಆ ಭಾಷೆಯಲ್ಲಿ ಬರೆದವನು, ಹಾಗಾಗಿ ಬಿಡಿಸಿ ಹೇಳುತ್ತೇನೆ.

‘ಪನೋರಮಿಕ್ ಟೂರ್’ ಎಂದರೆ ಬಸ್ಸಿನ ಕಿಟಕಿಯಿಂದ ನೋಡುವುದು. ‘ಫೋಟೋ ಸ್ಟಾಪ್’ ಎಂದರೆ ಹೊರಗೆ ಇಳಿಸಿ ಹತ್ತು ಹದಿನೈದು ನಿಮಿಷ ಬಿಡುವುದು. ‘ಒಳಗೆ ಪ್ರವೇಶ, ಟಿಕೆಟ್ ಸೇರಿದೆ’ ಎಂದು ಬರೆದಿದ್ದರೆ ಮಾತ್ರ ಒಳಗೆ ಹೋಗುತ್ತೀರಿ. ‘ದಿನವಿಡೀ ಬಿಡುವು’ ಎಂದರೆ ಆವತ್ತು ಬಸ್ಸೂ ಇಲ್ಲ, ಗೈಡೂ ಇಲ್ಲ, ಎಷ್ಟೋ ಸಲ ಊಟವೂ ನಿಮ್ಮದೇ. ‘ಆಪ್ಷನಲ್’ ಎಂದದ್ದಕ್ಕೆಲ್ಲ ಅಲ್ಲಿಗೆ ಹೋದ ಮೇಲೆ ದುಡ್ಡು. ‘ಹಾಫ್ ಬೋರ್ಡ್’ ಎಂದರೆ ಬೆಳಗಿನ ತಿಂಡಿ ಮತ್ತು ಒಂದು ಹೊತ್ತಿನ ಊಟ. ಕುಡಿಯುವ ನೀರಿಗೂ ಬೇರೆ ಬಿಲ್ ಆಗಬಹುದು. ‘ಸಿಂಗಲ್ ಸಪ್ಲಿಮೆಂಟ್’ ಎಂದರೆ ಒಬ್ಬರೇ ಒಂದು ರೂಮಿನಲ್ಲಿ ಇರುವುದಕ್ಕೆ ಕೊಡುವ ಹೆಚ್ಚಿನ ಹಣ.

ಎಲ್ಲಕ್ಕಿಂತ ದೊಡ್ಡದು ‘ಇದೇ ಹೋಟೆಲ್ ಅಥವಾ ಇದೇ ದರ್ಜೆಯ ಬೇರೆ ಹೋಟೆಲ್’ ಎಂಬ ಸಾಲು. ಹೋಟೆಲ್ ಸ್ಟಾರ್‌ಗೆ ಇಡೀ ಜಗತ್ತಿಗೆ ಒಪ್ಪಿಗೆಯಾದ ಒಂದೇ ಅಳತೆ ಇಲ್ಲ. ಒಂದು ದೇಶದ 4 ಸ್ಟಾರ್ ಇನ್ನೊಂದು ದೇಶದ 3 ಸ್ಟಾರ್‌ನಂತಿರಬಹುದು. ಆದ್ದರಿಂದ ದುಡ್ಡು ಕಟ್ಟುವ ಮುಂಚೆ ಹೋಟೆಲ್ ಹೆಸರನ್ನು ಬರಹದಲ್ಲಿ ಕೇಳಿ. ಅದು ಊರ ನಡುವೆ ಇದೆಯಾ, ವಿಮಾನ ನಿಲ್ದಾಣದ ಪಕ್ಕ ಇದೆಯಾ ಎಂದು ಮ್ಯಾಪ್‌ನಲ್ಲಿ ನೋಡಿ. ‘5 ರಾತ್ರಿ 6 ಹಗಲು’ ಎಂಬುದನ್ನೂ ಬಿಡಿಸಿ ಎಣಿಸಿ. ರಾತ್ರಿ ಹನ್ನೊಂದಕ್ಕೆ ಇಳಿದದ್ದು ಒಂದು ಹಗಲು, ಬೆಳಗಿನ ಜಾವ ವಿಮಾನ ಹತ್ತಿದ್ದು ಇನ್ನೊಂದು ಹಗಲು. ಉಳಿಯುವುದು ನಾಲ್ಕೇ.

ಆದರೂ ಮೋಸವಾದರೆ? ಇಲ್ಲಿ ಒಂದು ಘಟನೆ ಹೇಳಬೇಕು. ಒಮ್ಮೆ ನನ್ನ ಗುಂಪಿಗೆ ಹೇಳಿದ ಹೋಟೆಲ್ ಬಿಟ್ಟು ಬೇರೆ ಕಡೆ ರೂಮು ಕೊಟ್ಟರು. ಕಾಗದದಲ್ಲಿ ‘ಸಮುದ್ರ ಕಾಣುವ ರೂಮು’ ಎಂದಿತ್ತು. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತಿತ್ತು. ಹತ್ತಾರು ಜನ ಲಾಬಿಯಲ್ಲಿ ಸೇರಿ ಕೂಗಾಡಿದರು. ರಿಸೆಪ್ಷನ್‌ನ ಹುಡುಗ ತಲೆ ತಗ್ಗಿಸಿ ನಿಂತ. ಅವನ ಕೈಯಲ್ಲಿ ಏನೂ ಇರಲಿಲ್ಲ. ಗುಂಪಿನಲ್ಲಿದ್ದ ಒಬ್ಬ ನಿವೃತ್ತ ಶಿಕ್ಷಕಿ ಮಾತ್ರ ಸದ್ದಿಲ್ಲದೆ ರೂಮಿಗೆ ಹೋದರು. ಕಿಟಕಿಯಿಂದ ಕೈ ಚಾಚಿ ಗೋಡೆ ಮುಟ್ಟಿಕೊಂಡೇ ಫೋಟೋ ತೆಗೆದರು. ‘ನೀವು ಕೊಟ್ಟ ಮಾತು ಇದು, ಸಿಕ್ಕಿದ್ದು ಇದು, ಇವತ್ತು ರಾತ್ರಿ ಒಳಗೆ ಸರಿ ಮಾಡಿ’ ಎಂದು ಮೂರು ಸಾಲು ಬರೆದು ಕಂಪನಿಗೂ ನನಗೂ ಕಳಿಸಿದರು. ಆ ಫೋಟೋ ಕೈಯಲ್ಲಿದ್ದದ್ದರಿಂದಲೇ ನಾನು ಕಚೇರಿಯವರ ಜೊತೆ ಗಟ್ಟಿಯಾಗಿ ಮಾತಾಡಲು ಆಯಿತು. ರಾತ್ರಿ ಒಂಬತ್ತಕ್ಕೆ ಅವರ ರೂಮು ಬದಲಾಯಿತು. ಮರುದಿನ ಉಳಿದವರೂ ಅದೇ ಮೂರು ಸಾಲು ಬರೆದರು.

ಟೂರ್ ನಡೆಯುತ್ತಿರುವಾಗ ಸರಿ ಮಾಡಲು ಕಂಪನಿಗೆ ಅವಕಾಶ ಕೊಟ್ಟಿದ್ದೀರಿ ಎನ್ನುವುದಕ್ಕೆ ಆ ಬರಹವೇ ಸಾಕ್ಷಿ. ಯುರೋಪಿಯನ್ ಒಕ್ಕೂಟದ 2015ರ ಪ್ಯಾಕೇಜ್ ಟೂರ್ ನಿಯಮ ಕೂಡ ಪ್ರಯಾಣಿಕರು ಕೊರತೆಯನ್ನು ತಡಮಾಡದೆ ತಿಳಿಸಬೇಕು ಎನ್ನುತ್ತದೆ. ಅದೇ ನಿಯಮದಲ್ಲಿ, ಬುಕ್ ಆದ ಮೇಲೆ ಬೆಲೆ ಶೇ 8ಕ್ಕಿಂತ ಜಾಸ್ತಿ ಏರಿಸಿದರೆ ದಂಡ ಕಟ್ಟದೆ ರದ್ದು ಮಾಡಬಹುದು. ನಿಮ್ಮ ಟೂರ್‌ಗೆ ಯಾವ ದೇಶದ ಕಾನೂನು ಅನ್ವಯಿಸುತ್ತದೆ ಎಂದು ಕರಾರಿನಲ್ಲಿ ಬರೆದಿರುತ್ತದೆ. ಆ ಸಾಲನ್ನು ಹುಡುಕಿ ಓದಿ.

ಪ್ರಶ್ನೆ: ದುಡ್ಡು ಕಟ್ಟಿದ ಮೇಲೆ ಕಂಪನಿಯೇ ಮುಚ್ಚಿಹೋದರೆ?

ಹಳೆಯ ಹೆಸರು ನೋಡಿ ನಿಶ್ಚಿಂತರಾಗಬೇಡಿ. 1841ರ ಜುಲೈ 5ರಂದು ಥಾಮಸ್ ಕುಕ್ ಎಂಬವರು ಸುಮಾರು 500 ಜನರನ್ನು ತಲೆಗೆ ಒಂದು ಶಿಲ್ಲಿಂಗ್‌ನಂತೆ ಇಂಗ್ಲೆಂಡಿನ ಲೆಸ್ಟರ್‌ನಿಂದ ಲಫ್‌ಬರೋಗೆ ರೈಲಿನಲ್ಲಿ ಕರೆದುಕೊಂಡು ಹೋದರು. ಅಲ್ಲಿಂದ ಬೆಳೆದ ಬ್ರಿಟನ್ನಿನ ಕಂಪನಿ 2019ರ ಸೆಪ್ಟೆಂಬರ್ 23ರಂದು ದಿವಾಳಿಯಾಯಿತು. ಆ ದಿನ ಸುಮಾರು 6 ಲಕ್ಷ ಪ್ರವಾಸಿಗರು ಬೇರೆ ಬೇರೆ ಊರುಗಳಲ್ಲಿ ಸಿಕ್ಕಿಬಿದ್ದಿದ್ದರು. (ಅದೇ ಹೆಸರಿನ ಕೆಲವು ದೇಶಗಳ ಕಂಪನಿಗಳು ಬೇರೆ ಒಡೆತನದವು, ಅವು ಮುಚ್ಚಲಿಲ್ಲ.) ಬ್ರಿಟನ್ನಿನವರನ್ನು ಅಲ್ಲಿನ ಸರ್ಕಾರ ಬಾಡಿಗೆ ವಿಮಾನ ಮಾಡಿ ವಾಪಸು ಕರೆಸಿಕೊಂಡಿತು.

ಹಾಗಾಗಿ ಎರಡು ಪ್ರಶ್ನೆ ಮೊದಲೇ ಕೇಳಿ. ಕಂಪನಿ ದಿವಾಳಿಯಾದರೆ ನನ್ನ ಹಣಕ್ಕೆ ಯಾರು ಹೊಣೆ? ಅದರ ಪ್ರಮಾಣಪತ್ರ ಎಲ್ಲಿದೆ? ಸಾಧ್ಯವಾದರೆ ಕಾರ್ಡ್‌ನಲ್ಲೇ ಕಟ್ಟಿ. ಸೇವೆ ಸಿಗದಿದ್ದರೆ ಬ್ಯಾಂಕಿನ ಮೂಲಕ ಹಣ ವಾಪಸು ಕೇಳುವ ದಾರಿ ಇರುತ್ತದೆ. ನಗದು ಕೊಟ್ಟು ಚೀಟಿ ಇಸಿದುಕೊಂಡರೆ ಆ ದಾರಿ ಇಲ್ಲ.

ಪ್ರಶ್ನೆ: ವಿಮಾನದಿಂದ ಇಳಿದೆವು, ಸೂಟ್‌ಕೇಸ್ ಬರಲಿಲ್ಲ. ‘ಮನೆಗೆ ಹೋಗಿ, ಫೋನ್ ಮಾಡುತ್ತೇವೆ’ ಎಂದರು. ಹೋಗಬಹುದಾ?

ಹೋಗಬೇಡಿ. ಹೊರಗೆ ಬರುವ ಮುಂಚೆಯೇ ಬ್ಯಾಗೇಜ್ ಕೌಂಟರ್‌ನಲ್ಲಿ ‘ಪಿಐಆರ್’ ಎಂಬ, ಸಾಮಾನು ಬಂದಿಲ್ಲ ಅಥವಾ ಹಾಳಾಗಿದೆ ಎಂದು ದಾಖಲಿಸುವ ವರದಿ ಬರೆಸಿ, ಅದರ ಸಂಖ್ಯೆ ಇಸಿದುಕೊಳ್ಳಿ. 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವ ಅಂತರರಾಷ್ಟ್ರೀಯ ಪ್ರಯಾಣದಲ್ಲಿ, ಸಾಮಾನು ಹಾಳಾಗಿದ್ದರೆ ಕೈಗೆ ಬಂದ 7 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ತಡವಾಗಿ ಬಂದಿದ್ದರೆ ಕೈಗೆ ಬಂದ 21 ದಿನದೊಳಗೆ. 21 ದಿನ ಕಳೆದರೂ ಬರದಿದ್ದರೆ ಕಳೆದುಹೋಗಿದೆ ಎಂದೇ ಪರಿಹಾರ ಕೇಳಬಹುದು. ಕೋರ್ಟಿಗೆ ಹೋಗಲು 2 ವರ್ಷದ ಮಿತಿ. ಈ ಮಧ್ಯೆ ಹಲ್ಲುಜ್ಜುವ ಬ್ರಷ್, ಒಳಉಡುಪು ಕೊಂಡರೆ ಆ ಬಿಲ್ ಕೂಡ ಇಟ್ಟುಕೊಳ್ಳಿ. ಔಷಧಿ, ಕನ್ನಡಕ, ಕಾಗದಪತ್ರ ಯಾವತ್ತೂ ಕೈಚೀಲದಲ್ಲೇ ಇರಲಿ.

ಪ್ರಶ್ನೆ: ಅಪ್ಪನಿಗೆ 72, ಅಮ್ಮನಿಗೆ 68. ಗ್ರೂಪ್ ಟೂರ್‌ಗೆ ಕಳಿಸುವ ಆಸೆ. ‘ಕಡಿಮೆ ದಿನದಲ್ಲಿ ಜಾಸ್ತಿ ಊರು’ ಇರುವುದನ್ನೇ ಆರಿಸಲಾ?

ದಯವಿಟ್ಟು ಬೇಡ. ಊರುಗಳನ್ನು ಎಣಿಸಬೇಡಿ, ಹೋಟೆಲ್ ಬದಲಾಯಿಸುವ ದಿನಗಳನ್ನು ಎಣಿಸಿ. ದಿನಾ ಬೆಳಿಗ್ಗೆ ಆರಕ್ಕೆ ಸೂಟ್‌ಕೇಸ್ ಬಾಗಿಲ ಹೊರಗಿಡಬೇಕಾದ ಟೂರ್‌ನಲ್ಲಿ ಹಿರಿಯರು ಮೂರನೇ ದಿನಕ್ಕೇ ಬಾಡಿಹೋಗುತ್ತಾರೆ. ಬಸ್ಸಿನಲ್ಲೇ ನಿದ್ದೆ ಹೋಗಿ, ಕಂಡ ಊರಿನ ಹೆಸರೂ ನೆನಪಿಲ್ಲದೆ ವಾಪಸಾದವರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ. ಒಂದೇ ಕಡೆ ಮೂರು ರಾತ್ರಿ ಇರುವಂಥದ್ದು ಹುಡುಕಿ.

4 ಗಂಟೆಗಿಂತ ಜಾಸ್ತಿ ಒಂದೇ ಕಡೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟು ಆಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿ ಹೇಳಿತ್ತು. ವಿಮಾನ, ಬಸ್ಸು, ರೈಲು ಎಲ್ಲಕ್ಕೂ ಇದು ಅನ್ವಯ. ಆರೋಗ್ಯವಂತರಿಗೆ ಅಪಾಯ ಚಿಕ್ಕದೇ. ಆದರೂ ಎದ್ದು ಓಡಾಡಲು, ಕಾಲಿನ ಮೀನಖಂಡ ಆಡಿಸಲು ಹೇಳಿ. ಬಸ್ಸು ಎಷ್ಟು ಹೊತ್ತಿಗೊಮ್ಮೆ ನಿಲ್ಲುತ್ತದೆ ಎಂದು ಕಂಪನಿಯನ್ನು ಕೇಳಿ. ವಿಮೆ ಮಾಡಿಸುವಾಗ ಸಕ್ಕರೆ ಕಾಯಿಲೆ, ಬಿಪಿ ಯಾವುದನ್ನೂ ಮುಚ್ಚಿಡಬೇಡಿ. ಮುಚ್ಚಿಟ್ಟದ್ದೇ ಕಾರಣ ಮಾಡಿ ಕ್ಲೇಮ್ ತಿರಸ್ಕರಿಸುತ್ತಾರೆ.

ಇನ್ನೊಂದು ಮಾತು ಕೊನೆಯ ದಿನದ ಬಗ್ಗೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಸಲ 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಕೈ ಇಡಬೇಕು. ಇನ್ನೊಂದು ಸಲ ಅದೇ 60 ಸೆಕೆಂಡು, ಮೇಲೆ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸುತ್ತ ಇನ್ನೂ 30 ಸೆಕೆಂಡು. ಮತ್ತೆ ಯಾವುದು ಬೇಕು ಎಂದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಮುಗಿಯುವ ಹೊತ್ತಿಗೆ ನೋವು ಸ್ವಲ್ಪ ಕಡಿಮೆಯಾಗಿತ್ತು, ಅದೇ ನೆನಪಿನಲ್ಲಿ ಉಳಿಯಿತು.

ಟೂರ್‌ನಲ್ಲಿ ನಾನು ಇದನ್ನೇ ಕಂಡಿದ್ದೇನೆ. ಕೊನೆಯ ದಿನ ಅಂಗಡಿ ಅಂಗಡಿ ಸುತ್ತಿಸಿ, ವಿಮಾನಕ್ಕೆ ಓಡಿಸುವ ವೇಳಾಪಟ್ಟಿ ಇದ್ದರೆ ಬೇರೆಯದು ನೋಡಿ. ಕೊನೆಯ ಬೆಳಿಗ್ಗೆ ತಡವಾಗಿ ಏಳಲು ಬಿಡುವ, ತಿಂಡಿ ಮುಗಿಸಿ ಅಪ್ಪ ಅಮ್ಮ ಇಬ್ಬರೇ ಹತ್ತಿರದ ಬೀದಿಯಲ್ಲಿ ಒಂದು ಸುತ್ತು ಹೋಗಿಬರಲು ಸಮಯ ಇರುವ ಟೂರ್ ಸಿಕ್ಕರೆ, ಒಂದು ಊರು ಕಡಿಮೆಯಾದರೂ ಅದನ್ನೇ ಬುಕ್ ಮಾಡಿ.