ಔಷಧ ಕಿಣ್ವವನ್ನು ತಡೆಯುತ್ತದೆ ಅಂತ ಗೊತ್ತಾದ ಮೇಲೂ ಹರಳಿನ ರಚನೆ ಯಾಕೆ ಬೇಕು?

ಐಸೋನಿಯಾಜಿಡ್ ಗುಳಿಗೆ ಕ್ಷಯದ ಬ್ಯಾಕ್ಟೀರಿಯಾದ ಇನ್‌ಎಚ್‌ಎ ಕಿಣ್ವವನ್ನು ತಡೆಯುತ್ತದೆ ಅಂತ ಪ್ರಯೋಗದಲ್ಲೇ ತಿಳಿದಿದ್ದರೆ, ಆ ಕಿಣ್ವದ ಹರಳು ಬೆಳೆಸಿ, ಎಕ್ಸ್-ರೇ ಹಾಯಿಸಿ, ಅದರ ಅಣುರಚನೆ ಬಿಡಿಸುವುದರಿಂದ ಹೊಸದೇನು ಸಿಕ್ಕಿತು ಅಂತ ಕೇಳಿದ್ದೀರಿ. ಎಂಎಸ್ಸಿ ಸೆಮಿನಾರಿಗೆ ರಾಯಚೂರಲ್ಲೇ ಕೂತು ಇದನ್ನು ಹೇಗೆ ಓದಬೇಕು ಅಂತಲೂ ಕೇಳಿದ್ದೀರಿ. ನಾನು ಬಳ್ಳಾರಿಯಲ್ಲಿ ಬಿ.ಫಾರ್ಮಾ ಹುಡುಗರಿಗೆ ಔಷಧ ರಸಾಯನ ಕಲಿಸುತ್ತೇನೆ. ಈ ರಚನೆ ನನಗೆ ಬಹಳ ಇಷ್ಟದ ಪಾಠ.

ರಚನೆ ಬರುವ ತನಕ ಕಿಣ್ವದೊಳಗೆ ಕೂತಿರುವುದು ಏನು ಅನ್ನುವುದೇ ಸ್ಪಷ್ಟವಿರಲಿಲ್ಲ. ಅಲ್ಲಿ ಕೂತಿದ್ದದ್ದು ಐಸೋನಿಯಾಜಿಡ್ ಅಲ್ಲ!

ಈ ಔಷಧ ಬಳಕೆಗೆ ಬಂದದ್ದು 1952ರಲ್ಲಿ. ಅದು ಕೆಲಸ ಮಾಡಲು ಬ್ಯಾಕ್ಟೀರಿಯಾದ್ದೇ ಕ್ಯಾಟ್‌ಜಿ ಎಂಬ ಕಿಣ್ವ ಬೇಕು ಅಂತ ತಿಳಿದದ್ದು 1992ರಲ್ಲಿ, ಇನ್‌ಎಚ್‌ಎ ಅದರ ಗುರಿ ಅಂತ ತಿಳಿದದ್ದು 1994ರಲ್ಲಿ. ಕ್ಷಯದ ಬ್ಯಾಕ್ಟೀರಿಯಾದ ಹೊರಗೋಡೆಗೆ ಮೈಕೋಲಿಕ್ ಆಮ್ಲ ಬೇಕು. ಅದರ ಉದ್ದನೆಯ ಸರಪಳಿ ತಯಾರಾಗುವಾಗ ಜೋಡಿಬಂಧಕ್ಕೆ ಹೈಡ್ರೋಜನ್ ಸೇರಿಸುವುದು ಇನ್‌ಎಚ್‌ಎ ಕೆಲಸ. ಆ ಹೈಡ್ರೋಜನ್ ಕೊಡುವುದು ಎನ್‌ಎಡಿಎಚ್ ಎಂಬ ಸಹಾಯಕ ಅಣು. ಹೈಡ್ರೋಜನ್ ಕೊಟ್ಟ ಮೇಲೆ ಅದೇ ಎನ್‌ಎಡಿ.

1998ರಲ್ಲಿ ರಚನೆ ಬಿಡಿಸುವ ವಿಜ್ಞಾನಿ ಸ್ಯಾಕೆಟಿನಿ ಅವರ ತಂಡ ಪ್ರತಿಬಂಧಕದ, ಅಂದರೆ ಕಿಣ್ವವನ್ನು ತಡೆಯುವ ಅಣುವಿನ ಸಮೇತ ಈ ಕಿಣ್ವದ ರಚನೆ ಪ್ರಕಟಿಸಿತು. ಔಷಧದ ಒಂದು ತುಂಡು ಎನ್‌ಎಡಿಯ ನಿಕೋಟಿನಮೈಡ್ ಉಂಗುರಕ್ಕೆ (ಹೈಡ್ರೋಜನ್ ಹೊರುವ ಭಾಗಕ್ಕೆ) ಕೋವೇಲೆಂಟ್ ಬಂಧದಿಂದಲೇ ಬೆಸೆದುಕೊಂಡಿತ್ತು. ಅಂದರೆ ಕ್ಯಾಟ್‌ಜಿ ಗುಳಿಗೆಯ ಅಣುವನ್ನು ಒಡೆದು ಚುರುಕು ಮಾಡುತ್ತದೆ, ಆ ತುಂಡು ಎನ್‌ಎಡಿ ಜೊತೆ ಸೇರಿ ಹೊಸ ಅಣುವಾಗುತ್ತದೆ, ಆ ಜೋಡಿ ಅಣು ಎನ್‌ಎಡಿಎಚ್ ಕೂರುವ ಜಾಗವನ್ನೇ ಹಿಡಿದು ಬಿಡುತ್ತದೆ. ರೋಗಿ ನುಂಗುವುದು ಕಚ್ಚಾ ಸಾಮಾನು ಮಾತ್ರ. ನಿಜವಾದ ಔಷಧ ತಯಾರಾಗುವುದು ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ. ಪಠ್ಯಪುಸ್ತಕದ ಬೀಗ-ಕೀಲಿ ಚಿತ್ರವನ್ನು ಈ ಔಷಧಕ್ಕೆ ಹಚ್ಚಬೇಡಿ, ದಾರಿ ತಪ್ಪಿಸುತ್ತದೆ.

ಇದರಿಂದ ರೋಗಿಗೇನು ಅಂತ ಸೆಮಿನಾರಿನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ನಮ್ಮ ಸಂಡೂರು ಕಡೆ ಗಣಿ ಕೆಲಸದವರು ಬಹಳ. ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೊಕ್ಕವರಿಗೆ ಕ್ಷಯ ತಗಲುವ ಅಪಾಯ ಹೆಚ್ಚು. ಅದಿರಿನ ಲಾರಿ ಓಡಿಸುವ ತಂದೆಯ ಕಫ ಪರೀಕ್ಷೆಯ ರಿಪೋರ್ಟ್ ಹಿಡಿದು ಒಬ್ಬ ವಿದ್ಯಾರ್ಥಿನಿ ಬಂದಿದ್ದಳು. ಲೈನ್ ಪ್ರೋಬ್ ಪರೀಕ್ಷೆ, ಅಂದರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗದಂತೆ ಮಾಡುವ ಜೀನ್ ಬದಲಾವಣೆ ಹುಡುಕುವ ಪರೀಕ್ಷೆ. ಎರಡು ಜೀನ್‌ಗಳ ಸಾಲಿನಲ್ಲಿ ಕ್ಯಾಟ್‌ಜಿ ಮುಂದೆ ಏನೂ ಇರಲಿಲ್ಲ, ಇನ್‌ಎಚ್‌ಎ ಮುಂದೆ ಮ್ಯುಟೇಷನ್ ಅಂತ ಬರೆದಿತ್ತು. "ಸರ್, ಇದು ನೀವು ಪಾಠದಾಗ ತೋರಿಸಿದ್ದ ಇನ್‌ಎಚ್‌ಎನ ಏನ್ರಿ?" ಅಂದಳು. ಅದೇ. ಕ್ಯಾಟ್‌ಜಿ ಕೆಟ್ಟರೆ ಗುಳಿಗೆ ಚುರುಕಾಗುವುದೇ ಇಲ್ಲ. ಸಾಮಾನ್ಯವಾಗಿ ಅಂಥ ಬ್ಯಾಕ್ಟೀರಿಯಾ ಔಷಧಕ್ಕೆ ತೋರುವ ನಿರೋಧ ಜೋರಾಗಿರುತ್ತದೆ. ಇನ್‌ಎಚ್‌ಎ ಜೀನಿನ ಮುಂಭಾಗದ ಪ್ರೊಮೋಟರಿನಲ್ಲಿ (ಕಿಣ್ವ ಎಷ್ಟು ತಯಾರಾಗಬೇಕು ಅಂತ ನಿಯಂತ್ರಿಸುವ ಭಾಗದಲ್ಲಿ) ಬದಲಾವಣೆಯಾದರೆ ಕಿಣ್ವ ಹೆಚ್ಚು ತಯಾರಾಗುತ್ತದೆ, ಅದನ್ನೆಲ್ಲ ತಡೆಯಲು ಜೋಡಿ ಅಣು ಸಾಲದು. ಇಂಥ ನಿರೋಧ ಸಾಮಾನ್ಯವಾಗಿ ಕೆಳಮಟ್ಟದ್ದು. ಅಂಥವರಿಗೆ ಐಸೋನಿಯಾಜಿಡ್ ಡೋಸ್ ಏರಿಸುವುದುಂಟು, ಆ ತೀರ್ಮಾನ ವೈದ್ಯರದು. ಒಂದು ಸಾಲಿನ ರಿಪೋರ್ಟಿಗೆ ಇಷ್ಟು ಅರ್ಥವಿದೆ ಅಂತ ಗೊತ್ತಾದಾಗ ಆ ಹುಡುಗಿ ಪಾಠವನ್ನು ಓದಿದ ರೀತಿಯೇ ಬೇರೆಯಾಯಿತು.

ಇನ್ನು ರಾಯಚೂರಲ್ಲಿ ಕೂತು ಹೇಗೆ ಅನ್ನುವುದು. ಹರಳು ಬೆಳೆಸಲು ನಿಮಗೆ ಆಗದು, ಬೇಕಾಗಿಯೂ ಇಲ್ಲ. ಬಿಡಿಸಿದ ರಚನೆಗಳನ್ನು ಕೂಡಿಡುವ ಪ್ರೋಟೀನ್ ಡೇಟಾ ಬ್ಯಾಂಕ್ 1971ರಿಂದ ಇದೆ, ಎಲ್ಲರಿಗೂ ಉಚಿತ. ಎರಡು ಫೈಲ್ ಇಳಿಸಿಕೊಳ್ಳಿ: 1ಇಎನ್‌ವೈ (1ENY), ಅದರಲ್ಲಿ ಕಿಣ್ವದ ಜೊತೆ ಬರೀ ಎನ್‌ಎಡಿಎಚ್ ಇದೆ, 1ಝಡ್‌ಐಡಿ (1ZID), ಅದರಲ್ಲಿ ಜೋಡಿ ಅಣು ಇದೆ. ಪೈಮಾಲ್‌ನಲ್ಲೋ ಕೈಮೆರಾದಲ್ಲೋ (ರಚನೆ ತೋರಿಸುವ ತಂತ್ರಾಂಶಗಳು) ಒಂದರ ಮೇಲೊಂದು ಕೂರಿಸಿ. ಇಡೀ ಪ್ರೋಟೀನ್ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಆಮೇಲೆ ಪ್ರೋಟೀನ್ ಸರಪಳಿಯ 149ನೇ ಅಮೈನೋ ಆಮ್ಲವಾದ ಫಿನೈಲ್‌ಅಲನಿನ್‌ಗೆ ಹೋಗಿ. ಅದರ ಉಂಗುರ ಸುಮಾರು 90 ಡಿಗ್ರಿ ತಿರುಗಿ, ಔಷಧದ ತುಂಡಿಗೆ ಜಾಗ ಬಿಟ್ಟು, ಆ ತುಂಡಿನ ಪಿರಿಡಿನ್ ಉಂಗುರಕ್ಕೆ ಮುಖ ಕೊಟ್ಟು ನಿಂತಿರುತ್ತದೆ. ಸ್ಲೈಡಿಗೆ ಇದೊಂದು ಚಿತ್ರ ಸಾಕು. ಬಣ್ಣಬಣ್ಣದ ರಿಬ್ಬನ್ ಚಿತ್ರದಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಒಂದು ಎಚ್ಚರಿಕೆ. ತೆರೆಯ ಮೇಲೆ ಕಾಣುವ ಕಡ್ಡಿಗಳು ಯಂತ್ರ ತೆಗೆದ ಫೋಟೊ ಅಲ್ಲ. ಎಕ್ಸ್-ರೇ ಚದುರಿದ ಚುಕ್ಕಿಗಳಿಂದ ಲೆಕ್ಕ ಹಾಕಿ ಸಿಗುವುದು ಎಲೆಕ್ಟ್ರಾನ್ ಸಾಂದ್ರತೆಯ ನಕ್ಷೆ. ಅದರೊಳಗೆ ಅಣುವನ್ನು ಕೂರಿಸಿದವರು ಮನುಷ್ಯರು. 1ಝಡ್‌ಐಡಿಯ ರೆಸಲ್ಯೂಷನ್, ಅಂದರೆ ನಕ್ಷೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ, 2.7 ಆಂಗ್‌ಸ್ಟ್ರಾಮ್ (ಪರಮಾಣುಗಳ ಮಟ್ಟದ ದೂರ ಅಳೆಯುವ ಮಾನ). ಎರಡು ಕಾರ್ಬನ್ ನಡುವಿನ ಬಂಧ ಸುಮಾರು 1.5. ಹಾಗಾಗಿ ಒಂದೊಂದು ಪರಮಾಣು ಬಿಡಿಬಿಡಿಯಾಗಿ ಕಾಣುವುದಿಲ್ಲ, ಹೈಡ್ರೋಜನ್ ಅಂತೂ ಇಲ್ಲವೇ ಇಲ್ಲ. ಉಂಗುರದ ಆಕಾರ, ಎರಡು ತುಂಡು ಕೂಡಿವೆಯೋ ಇಲ್ಲವೋ ಅನ್ನುವುದು ಕಾಣುತ್ತದೆ. ಪ್ರತಿಬಂಧಕವಿರುವ ಯಾವ ರಚನೆಯನ್ನೇ ಓದಿ, ಪ್ರತಿಬಂಧಕವನ್ನು ಲೆಕ್ಕದಿಂದ ಬಿಟ್ಟು ಮಾಡಿದ ನಕ್ಷೆಯಲ್ಲೂ ಆ ಜಾಗದಲ್ಲಿ ಸಾಂದ್ರತೆ ಉಳಿದಿದೆಯೇ ಅಂತ ಹುಡುಕಿ. ಉಳಿದಿರದಿದ್ದರೆ ಲೇಖಕರ ಮಾತನ್ನು ಅಷ್ಟಕ್ಕೇ ನಂಬಬೇಡಿ.

ಸಮಯ ಉಳಿದರೆ ಇಥಿಯೋನಮೈಡ್ ಎಂಬ ಇನ್ನೊಂದು ಕ್ಷಯದ ಔಷಧವನ್ನೂ ಸೇರಿಸಿ. ಅದನ್ನು ಚುರುಕು ಮಾಡುವುದು ಇಟಿಎಚ್‌ಎ ಎಂಬ ಬೇರೆ ಕಿಣ್ವ, ಆದರೆ ಅದೂ ಎನ್‌ಎಡಿ ಜೊತೆ ಬೆಸೆದುಕೊಂಡು ಇದೇ ಇನ್‌ಎಚ್‌ಎಯಲ್ಲಿ ಕೂರುತ್ತದೆ. ಕ್ಯಾಟ್‌ಜಿ ಮಾತ್ರ ಕೆಟ್ಟ ಬ್ಯಾಕ್ಟೀರಿಯಾ ಇಥಿಯೋನಮೈಡಿಗೆ ಬಗ್ಗುವುದೂ, ಇನ್‌ಎಚ್‌ಎ ಪ್ರೊಮೋಟರ್ ಬದಲಾದದ್ದು ಎರಡಕ್ಕೂ ಬಗ್ಗದಿರುವುದೂ ಯಾಕೆ ಅಂತ ನಿಮ್ಮ ಸಹಪಾಠಿಗಳನ್ನೇ ಕೇಳಿ. ರಚನೆ ನೋಡಿದವರು ಉತ್ತರ ಹೇಳುತ್ತಾರೆ.